ಹೆಸರು ಕರೆಯುವ ಆ ಆರು ಸೆಕೆಂಡು

ಗೆಳೆಯರೇ, ನಮಸ್ಕಾರ.

ಘಟಿಕೋತ್ಸವದ ಕೆಲಸಕ್ಕೆ ಹೊಸದಾಗಿ ಬಂದವರು ಇಲ್ಲಿ ಜಾಸ್ತಿ ಇದ್ದೀರಿ. ಅದಕ್ಕೇ ಮೊದಲು ಒಂದು ಲೆಕ್ಕ ಹೇಳುತ್ತೇನೆ. ಒಬ್ಬರಿಗೆ 6 ಸೆಕೆಂಡು ಅಂದರೂ 600 ಜನಕ್ಕೆ ಒಂದು ಗಂಟೆ ಬೇಕು. 10 ಸೆಕೆಂಡಾದರೆ 1 ಗಂಟೆ 40 ನಿಮಿಷ. ಭಾಷಣಗಳು ಮುಗಿದು ಉಳಿದ ಸಮಯವನ್ನು ವಿದ್ಯಾರ್ಥಿಗಳಿಗೆ ಕೊಡುವ ರೂಢಿ ನನಗೆ ಹಿಡಿಸುವುದಿಲ್ಲ. ಮೊದಲು ಈ ಸಮಯ ತೆಗೆದಿಡಿ, ಆಮೇಲೆ ಭಾಷಣ. ಮನೆಯವರೆಲ್ಲ ಬಂದಿರುವುದು ಆ ಹೆಸರು ಕೇಳುವುದಕ್ಕೇ ಅಲ್ವಾ?

ಒಂದು ಸಲ ನಾವು ಪಟ್ಟಿ ನೋಡಿ ಹೆಸರು ಓದುತ್ತಿದ್ದೆವು. ಸಾಲಿನ ನಡುವೆ ಒಬ್ಬ ಹುಡುಗಿ ಬಂದಿರಲಿಲ್ಲ, ನಮಗೆ ಗೊತ್ತಾಗಲಿಲ್ಲ. ಅವಳ ಹೆಸರು ಕರೆದಾಗ ಅವಳ ಹಿಂದಿನ ಹುಡುಗ ಮೇಲೆ ಬಂದ. ಅವನ ಹೆಸರಿಗೆ ಇನ್ನೊಬ್ಬಳು. ಹೀಗೆ ಹನ್ನೊಂದು ಜನ ದಾಟಿದ ಮೇಲೆ ನಿಲ್ಲಿಸಿದೆವು. ಆ ಹನ್ನೊಂದು ಮನೆಗಳ ವಿಡಿಯೊದಲ್ಲಿ ಇವತ್ತಿಗೂ ಬೇರೆಯವರ ಹೆಸರೇ ಕೇಳಿಸುತ್ತದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ವೇದಿಕೆಯ ಮೇಲೆ ಪಟ್ಟಿ ಬೇಡ, ಚೀಟಿ ಇರಲಿ. ಹಾಜರಿಗೆ ಸಹಿ ಹಾಕಿದಾಗ ವಿದ್ಯಾರ್ಥಿಯ ಕೈಗೆ ಅವರ ಹೆಸರಿನ ಚೀಟಿ ಕೊಡಿ. ಮೆಟ್ಟಿಲು ಹತ್ತುವಾಗ ಅದನ್ನು ಹೆಸರು ಓದುವವರಿಗೆ ಕೊಡಲಿ. ಬಾರದವರ ಚೀಟಿಯೂ ಬರುವುದಿಲ್ಲ. ಸಾಲಿನಲ್ಲಿ ಇಬ್ಬರು ಅದಲು ಬದಲಾದರೂ ಹೆಸರು ತಪ್ಪುವುದಿಲ್ಲ. ಕ್ಯೂಆರ್ ಕೋಡ್ ಹಾಕಿದರೆ ಒಳ್ಳೆಯದೇ, ಆದರೆ ಹೆಸರು ದೊಡ್ಡ ಅಕ್ಷರದಲ್ಲೂ ಅಚ್ಚಾಗಿರಲಿ. ನೆಟ್‌ವರ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಹೆಸರನ್ನು ಹೇಗೆ ಕರೆಯಬೇಕು ಅನ್ನುವುದನ್ನು ವಿದ್ಯಾರ್ಥಿಯೇ ಅದರ ಮೇಲೆ ಬರೆಯಲಿ. ಓದುವವರು ಅನುಮಾನ ಬಂದರೆ ಮೆಲ್ಲಗೆ ಕೇಳಿಕೊಳ್ಳಲಿ. ಎರಡು ಸೆಕೆಂಡು ಹೋದರೆ ಹೋಗಲಿ.

ವೇದಿಕೆಯಲ್ಲಿ ಖಾಲಿ ಫೋಲ್ಡರ್ ಕೊಟ್ಟು, ಪ್ರಮಾಣಪತ್ರವನ್ನು ಆಮೇಲೆ ಕೌಂಟರಿನಲ್ಲಿ ಕೊಡುವುದು ಮೋಸ ಅಂತ ಕೆಲವರು ಬೇಜಾರಾಗುತ್ತಾರೆ. ನಾನು ಅದರ ಪರ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲೂ ಮಂಡಿಯೂರಿ ಪದವಿ ಪಡೆಯುವುದು ಸಭೆಯಲ್ಲಿ, ಕಾಗದ ಸಿಗುವುದು ಹೊರಗೆ ಹೋಗುವ ಬಾಗಿಲಲ್ಲಿ. ವೇದಿಕೆಯ ಗಡಿಬಿಡಿಯಲ್ಲಿ ಒಂದು ಕಾಗದ ಹಿಂದೆ ಮುಂದೆ ಆದರೆ ನೂರು ಜನ ಹುಡುಕಾಡಬೇಕು. ಕೌಂಟರಿನಲ್ಲಿ ನೋಂದಣಿ ಸಂಖ್ಯೆ ನೋಡಿ, ಹೆಸರಿನ ಅಕ್ಷರಗಳನ್ನು ಅವರಿಂದಲೇ ಓದಿಸಿ, ಸಹಿ ಹಾಕಿಸಿಕೊಂಡು ಕೊಡಬಹುದು. ಆದರೆ ಫೋಲ್ಡರ್ ಖಾಲಿ ಇರುತ್ತದೆ ಅಂತ ಮೊದಲೇ ಹೇಳಿಬಿಡಿ.

ಗಾಲಿಕುರ್ಚಿಯಲ್ಲಿ ಬರುವವರನ್ನು ಕೆಳಗೇ ನಿಲ್ಲಿಸಿ ಕೊಡುವುದನ್ನು ದಯವಿಟ್ಟು ಬಿಡಿ. ಇಳಿಜಾರು ದಾರಿ ಹಾಕಿಸಿ. ಅವರ ಸರದಿಯಲ್ಲೇ ಅವರು ಮೇಲೆ ಬರಲಿ.

ಕೊನೆಯ ಚೀಟಿ ಓದಿದ ಕೂಡಲೇ ಮುಗಿಯಿತು ಅನ್ನಬೇಡಿ. ಬಾಗಿಲ ಬಳಿ ಒಬ್ಬರನ್ನು ಕಳಿಸಿ. ತಡವಾಗಿ ಬಂದು, ಒಳಗೆ ಬರಲೋ ಬೇಡವೋ ಅಂತ ಗೌನು ಹಿಡಿದು ನಿಂತವರು ಇರುತ್ತಾರೆ. ಅವರ ಕೈಗೂ ಚೀಟಿ ಕೊಟ್ಟು ಕರೆತನ್ನಿ.