ಹಳೇ ಇಟಾಲಿಯನ್ ಗಾಡಿ ಬೇಕಾ? ಲ್ಯಾಂಬ್ರೆಟಾ ತಗೊಳ್ಳಿ

ಹಳೇ ಇಟಾಲಿಯನ್ ಗಾಡಿ ಮೇಲೆ ಆಸೆ, ಆದ್ರೆ ಡುಕಾಟಿಗೆ ಆಗೋಷ್ಟು ದುಡ್ಡಿಲ್ಲ. ಯೂರೋಪಿನಲ್ಲಿ ಇಂಥವರು ಮೋಟೋ ಗುಝಿ ವಿ50 ಥರದ, ಹೆಚ್ಚು ಜನ ಕೇಳದ ಬೈಕ್ ಹುಡುಕ್ತಾರೆ. ಬೆಂಗಳೂರಲ್ಲಿ ಕೂತು ಅದನ್ನ ತರಿಸೋದು ಆಗದ ಮಾತು. ಅದಕ್ಕೇ ಹೇಳ್ತೀನಿ, ಲ್ಯಾಂಬ್ರೆಟಾ ನೋಡಿ. ಸ್ಕೂಟರ್ ಅಂತ ಮೂಗು ಮುರೀಬೇಡಿ.

ವೆಸ್ಪಾದಲ್ಲಿ, ಅದರ ದಾರಿಯಲ್ಲೇ ಬಂದ ನಮ್ಮ ಚೇತಕ್‌ನಲ್ಲಿ, ತಗಡಿನ ಬಾಡಿಯೇ ಗಾಡಿಯ ಬೆನ್ನೆಲುಬು. ಎಂಜಿನ್ ಬಲಗಡೆ ಇರುತ್ತೆ. ಲ್ಯಾಂಬ್ರೆಟಾದಲ್ಲಿ ಉಕ್ಕಿನ ಪೈಪಿನ ಚಾಸಿ, ಎಂಜಿನ್ ನಟ್ಟನಡುವೆ ಅಡ್ಡ ಮಲಗಿರುತ್ತೆ. ತೂಕ ಒಂದೇ ಕಡೆ ಎಳೆಯಲ್ಲ. ಪಿಸ್ಟನ್ ತಿರುಗಿಸೋ ದಂಡ, ಅಂದ್ರೆ ಕ್ರ್ಯಾಂಕ್‌ನಿಂದ ಗೇರ್‌ಬಾಕ್ಸ್‌ಗೆ ಶಕ್ತಿ ಹೋಗೋದು ಎಂಜಿನ್ ಕೇಸಿನೊಳಗೇ ಆಯಿಲ್‌ನಲ್ಲಿ ಓಡೋ ಚೈನಿಂದ. ಎಷ್ಟು ಚೆಂದದ ಕೆಲಸ ಅದು!

1947ರಲ್ಲಿ ಮಿಲಾನಿನ ಇನೊಚೆಂಟಿ ಕಂಪನಿ ಇದನ್ನ ಶುರುಮಾಡ್ತು. ಅಲ್ಲಿ 1971ರಲ್ಲಿ ನಿಂತುಹೋಯ್ತು. 1972ರಲ್ಲಿ ಹುಟ್ಟಿದ ನಮ್ಮ ಸರ್ಕಾರಿ ಸ್ಕೂಟರ್ಸ್ ಇಂಡಿಯಾ, ಆ ಕಾರ್ಖಾನೆಯ ಯಂತ್ರಗಳನ್ನೇ ಕೊಂಡು ಲಕ್ನೋಗೆ ತಂತು. ವಿಜಯ್ ಸೂಪರ್ ಸ್ಕೂಟರ್ ಬಂದಿದ್ದು ಹಾಗೆ. ಮುಂಬೈನ ಎಪಿಐ (ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ) ಕಂಪನಿ ಅದಕ್ಕೂ ಮೊದಲೇ ಲ್ಯಾಂಬ್ರೆಟಾ ಮಾಡ್ತಿತ್ತು. ಆ ಸ್ಕೂಟರೇ ಮುಂದೆ ಲ್ಯಾಂಬಿ ಆಯ್ತು. ಅಂದ್ರೆ ಇವು ಬರೀ ನಕಲಲ್ಲ, ಅದೇ ವಂಶ.

ಆದ್ರೂ ಜನಕ್ಕೆ ಬೇಕಿದ್ದದ್ದು ಚೇತಕ್. ಇವತ್ತು ಹಳೇ ಗಾಡಿ ಅಂದ್ರೆ ಎಲ್ಲರೂ ಕೇಳೋದು ಯೆಜ್ಡಿ, ಆರ್‌ಎಕ್ಸ್ 100. ಮೈಸೂರಲ್ಲಿ ಹುಟ್ಟಿದ ಯೆಜ್ಡಿ ಮೇಲೆ ನನಗೂ ಪ್ರೀತಿ ಇದೆ. ಆದ್ರೆ ಊರೆಲ್ಲ ಒಂದೇ ಗಾಡಿ ಹಿಂದೆ ಬಿದ್ರೆ ಬೆಲೆ ಏರದೆ ಇರುತ್ತಾ? ವಿಜಯ್ ಸೂಪರ್‌ಗೆ ಹಾಗೆ ಮುಗಿಬೀಳೋರಿಲ್ಲ.

ನೋಡೋಕೆ ಹೋದಾಗ ಪೇಂಟಿಗೆ ಮರುಳಾಗಬೇಡಿ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗ್ಬೇಕು. ಫ್ಲೋರ್ ಬೋರ್ಡ್ ಕೆಳಗೆ ಬಗ್ಗಿ ತುಕ್ಕು ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಾದ್ರೆ ಕ್ರ್ಯಾಂಕ್‌ನ ಆಯಿಲ್ ಸೀಲ್ ಬದಲಾಯಿಸದೆ ಓಡಿಸಬೇಡಿ: ಗಟ್ಟಿಯಾದ ಸೀಲ್‌ನಿಂದ ಹೊರಗಿನ ಗಾಳಿ ಒಳಗೆ ಸೇರಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತೆ, ಎಂಜಿನ್ ಕಾದು ಪಿಸ್ಟನ್ ಸೀಜ್ ಆಗುತ್ತೆ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಶಿವಾಜಿನಗರ ಅಲೆಯೋ ತಾಳ್ಮೆ ಇರಲಿ.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ‘ವಿಎ’ ಅಕ್ಷರದ ವಿಂಟೇಜ್ ನಂಬರ್ ಸಿಗುತ್ತೆ. ಅದು ನಿಮಗೆ ಬೇಡ. ಆ ನಂಬರಿನ ಗಾಡೀನ ರ‍್ಯಾಲಿ, ಪ್ರದರ್ಶನ, ರಿಪೇರಿ ಅಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ನಾವು ತಗೊಳ್ತಿರೋದು ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಓಡಿಸೋಕೆ. ಮಾಮೂಲಿ ಆರ್‌ಸಿ ರಿನ್ಯೂ ಆಗೋ ಗಾಡಿಯನ್ನೇ ಹುಡುಕಿ.