ಬಟಾಣಿ ಕಾಳು ಹೇಳಿದ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಒಣಗಿದ ಬಟಾಣಿಯಲ್ಲಿ ಕೆಲವು ಕಾಳು ಗುಂಡಗೆ ಇರುತ್ತವೆ, ಕೆಲವು ಸುಕ್ಕುಗಟ್ಟಿರುತ್ತವೆ. ಸುಮಾರು 160 ವರ್ಷದ ಹಿಂದೆ ಈಗಿನ ಚೆಕ್ ದೇಶದ ಬ್ರ್ನೋ ಊರಿನ ಮಠದಲ್ಲಿದ್ದ ಸನ್ಯಾಸಿ ಗ್ರೆಗರ್ ಮೆಂಡೆಲ್ ಈ ಎರಡು ಜಾತಿಯನ್ನೂ ಕೂಡಿಸಿ ಬೆಳೆದರು. ಮೊದಲ ತಲೆಮಾರಿನಲ್ಲಿ ಎಲ್ಲವೂ ಗುಂಡು ಕಾಳೇ. ಹಾಗಾದರೆ ಸುಕ್ಕು ಎಲ್ಲಿ ಹೋಯ್ತು? ಮರೆಯಲ್ಲಿ ಕೂತಿತ್ತು. ಆ ಗುಂಡು ಕಾಳುಗಳನ್ನೇ ಬಿತ್ತಿದಾಗ ಸಿಕ್ಕಿದ್ದು 5474 ಗುಂಡು, 1850 ಸುಕ್ಕು. ಹೆಚ್ಚು ಕಡಿಮೆ ಮೂರು ಗುಂಡಿಗೆ ಒಂದು ಸುಕ್ಕು.

ಇಂಥ ಗುಣಕ್ಕೆ ಎರಡು ಜೀನ್, ಅಂದರೆ ಗುಣವನ್ನು ಹೊತ್ತು ತರುವ ಎರಡು ಅಂಶ. ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದೇ ಇದ್ದರೂ ಎದ್ದು ಕಾಣುವುದು ಪ್ರಬಲ. ಜೊತೆಗೆ ತನ್ನಂಥದ್ದೇ ಇನ್ನೊಂದು ಸಿಕ್ಕಿದರೆ ಮಾತ್ರ ಕಾಣುವುದು ದುರ್ಬಲ.

ಆದರೆ ಒಂದೊಂದೇ ಗಿಡ ನೋಡಿದರೆ ಆ ಮೂರಕ್ಕೆ ಒಂದರ ಲೆಕ್ಕ ಪ್ರತಿ ಸಲವೂ ಕೂಡಿಬರಲಿಲ್ಲ. ಒಂದು ಗಿಡದಲ್ಲಿ 43 ಗುಂಡು, ಬರೀ 2 ಸುಕ್ಕು. ಇನ್ನೊಂದರಲ್ಲಿ 14 ಗುಂಡು, 15 ಸುಕ್ಕು. ಮೆಂಡೆಲ್ ಇದನ್ನೂ ಮುಚ್ಚಿಡದೆ ಬರೆದರು. ನನಗೆ ತುಂಬಾ ಇಷ್ಟವಾದ ಸಂಗತಿ ಇದೇ.

ಯಾಕೆ ಗೊತ್ತಾ? ಥಲಸ್ಸೀಮಿಯಾ ಇರುವ ಮಗುವಿನ ಮನೆಯಲ್ಲಿ ಇದೇ ಲೆಕ್ಕವನ್ನು ತಪ್ಪಾಗಿ ತಿಳಿಯುತ್ತಾರೆ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕಾದ ಕಾಯಿಲೆ ಅದು. ಸುಕ್ಕಿನಂತೆ ಈ ಕಾಯಿಲೆಯ ಜೀನ್ ಕೂಡ ದುರ್ಬಲ. ಅಪ್ಪ ಅಮ್ಮ ಇಬ್ಬರಲ್ಲೂ ಆ ಜೀನ್ ಒಂದೊಂದಿದ್ದರೆ, ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 'ಒಂದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ' ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಸಲ ಬಸುರಾದಾಗಲೂ ನಾಣ್ಯ ಹೊಸದಾಗಿ ಚಿಮ್ಮಿದಂತೆ. ಹಿಂದಿನ ಮಗುವಿಗೆ ಏನಾಯಿತು ಎಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ.

ಇನ್ನೊಂದು ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. 'ಸೊಸೆ ಕಡೆಯಿಂದ ಬಂದ ಕಾಯಿಲೆ' ಅಂತ. ಹೀಗೆ ರಕ್ತ ಹಾಕಿಸಬೇಕಾದ ಅದರ ತೀವ್ರ ರೂಪ, ಬೀಟಾ ಥಲಸ್ಸೀಮಿಯಾ ಮೇಜರ್, ಸಾಮಾನ್ಯವಾಗಿ ಬರುವುದೇ ಎರಡೂ ಕಡೆಯಿಂದ ಜೀನ್ ಬಂದಾಗ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದಾಗ ಇದರ ಸಾಧ್ಯತೆ ಜಾಸ್ತಿ. ಒಂದೇ ಮನೆಯ ಹಿರಿಯರಿಂದ ಬಂದ ಜೀನ್ ಇಬ್ಬರಲ್ಲೂ ಇರಬಹುದಲ್ವಾ.

ಕಾಯಿಲೆಯ ಜೀನ್ ಒಂದೇ ಇದ್ದವರು ಆರಾಮಾಗಿಯೇ ಇರುತ್ತಾರೆ. ಸ್ವಲ್ಪ ರಕ್ತಹೀನತೆ ಕಾಣಬಹುದು ಅಷ್ಟೇ. ಕಬ್ಬಿಣದ ಮಾತ್ರೆ ನುಂಗಿದರೂ ಅದು ಸರಿಹೋಗುವುದಿಲ್ಲ. ಹಾಗಾಗಿ ಮದುವೆಗೆ ಮೊದಲು, ಇಲ್ಲವೇ ಬಸುರಿನ ಶುರುವಿನಲ್ಲೇ, ಆ ಜೀನ್ ಇದೆಯೇ ಎಂದು ತಿಳಿಯಲು ಹಿಮೋಗ್ಲೋಬಿನ್ ಎ-ಟೂ ಎಂಬ ರಕ್ತಪರೀಕ್ಷೆ ಮಾಡಿಸಿ. ಅಂಗೈಯಷ್ಟೂ ರಕ್ತ ಬೇಡ, ಒಂದು ಸಣ್ಣ ಟ್ಯೂಬು ಸಾಕು. ಹೆಂಡತಿಗೆ ಆ ಜೀನ್ ಇದೆ ಅಂತ ಬಂದರೆ, ಅದೇ ವಾರ ಗಂಡನೂ ತೋಳು ಚಾಚಲಿ.