ವಾಪಸ್ ಬಂದ ಮೂರ್ತಿ ಎಲ್ಲಿಗೆ ಹೋಗಬೇಕು?

ಕೇಳುಗರಿಗೆಲ್ಲ ನಮಸ್ಕಾರ. ಕಳುವಾದ ಮೂರ್ತಿ ಪರದೇಶದಿಂದ ವಾಪಸ್ ಬಂತು ಅಂತ ಪೇಪರಿನಲ್ಲಿ ಓದಿದರೆ ಖುಷಿಯಾಗುತ್ತದೆ. ಬಂದದ್ದು ಎಲ್ಲಿಗೆ ಅಂತ ನಾವು ಕೇಳುವುದು ಕಡಿಮೆ.

ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ಗುಡಿಯಿಂದ ಚೋಳರ ಕಾಲದ ಕಂಚಿನ ನಟರಾಜನನ್ನು ಕದ್ದರು. ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಅದನ್ನು ಸುಮಾರು 50 ಲಕ್ಷ ಡಾಲರ್‌ಗೆ ಕೊಂಡಿತು. ಮಾರಿದವನು ತೋರಿಸಿದ ಕಾಗದಪತ್ರ ಸುಳ್ಳು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಎಷ್ಟೋ ವರ್ಷ ಮೊದಲು ಗುಡಿಯಲ್ಲೇ ತೆಗೆದಿದ್ದ ಫೋಟೋ ಸಾಕ್ಷಿಯಾಗಿ ನಿಂತಿತು. 2014ರಲ್ಲಿ ನಟರಾಜ ಭಾರತಕ್ಕೆ ಬಂದ. ಹಳ್ಳಿಯ ಗುಡಿಗಲ್ಲ, ಕಳ್ಳರ ಭಯಕ್ಕೆ ಕುಂಭಕೋಣದ ಭದ್ರ ಕೋಣೆಗೆ.

ಕದ್ದ ಮಾಲು ಕದ್ದ ಮಾಲೇ, ಕೊಡಬೇಕು. ಇದರಲ್ಲಿ ಜಾಸ್ತಿ ವಾದ ಬೇಡ. ಬ್ರಿಟಿಷ್ ಮ್ಯೂಸಿಯಂ ಮಾತ್ರ, ತನ್ನಲ್ಲಿರುವ ವಸ್ತುಗಳನ್ನು ಬಿಟ್ಟುಕೊಡಲು ಬಹುಮಟ್ಟಿಗೆ ಅಡ್ಡಿಯಾಗುವ 1963ರ ಕಾನೂನು ಮುಂದಿಟ್ಟು ಕೈಕಟ್ಟಿ ಕೂರುತ್ತದೆ. ಆ ಕಾನೂನು ಮಾಡಿದ್ದು ಅವರದೇ ಪಾರ್ಲಿಮೆಂಟು, ಅಲ್ವಾ?

ನಮ್ಮ ಪಕ್ಕದ ಐಹೊಳೆಯದು ಬೇರೆ ಕಥೆ. ಅಲ್ಲಿನ ಹುಚ್ಚಪ್ಪಯ್ಯ ಮಠದ ಚಾವಣಿಯ ಬ್ರಹ್ಮ ಇವತ್ತು ಮುಂಬೈ ಮ್ಯೂಸಿಯಂನಲ್ಲಿದ್ದಾನೆ. ಇದು ಕಳ್ಳತನ ಅಲ್ಲ. 1956ರವರೆಗೆ ಧಾರವಾಡ, ವಿಜಾಪುರ ಎಲ್ಲ ಮುಂಬೈ ಸರಕಾರದ ಕೈಯಲ್ಲೇ ಇದ್ದವು. ರಾಜ್ಯ ಬೇರೆಯಾಯಿತು, ಕಲ್ಲು ಅಲ್ಲೇ ಉಳಿಯಿತು. ವಾಪಸ್ ಕೇಳಬೇಕೇ? ಕೇಳಬೇಕು, ಕೊನೆಗೆ ಕೆಲವು ವರ್ಷದ ಮಟ್ಟಿಗಾದರೂ.

ಕೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಹಾವೇರಿ ಕಡೆಯ ಹಳ್ಳಿಗಳಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅದೇ ವೀರ. ಕೆಲವು ಕಡೆ ಕಾಳಗದ ಸಾಲು ಪೂರ್ತಿ ಮಣ್ಣಲ್ಲಿ ಹೂತಿರುತ್ತದೆ. ಕೆಲವು ಕಡೆ ಭಕ್ತಿ ಜಾಸ್ತಿಯಾಗಿ ಆಯಿಲ್ ಪೇಂಟ್ ಬಳಿದಿರುತ್ತಾರೆ, ಅಪ್ಸರೆಯರ ಮುಖವೇ ಕಾಣುವುದಿಲ್ಲ. ಇದನ್ನೇ ತೋರಿಸಿ "ನಿಮಗೆ ಯಾಕೆ ಕೊಡಬೇಕು" ಅಂದರೆ ಏನು ಹೇಳುತ್ತೀರಿ?

ನಾನಾದರೆ ಲಕ್ಕುಂಡಿ ತೋರಿಸುತ್ತೇನೆ. ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ ಊರು. 2024ರ ನವೆಂಬರ್‌ನಲ್ಲಿ ಅಲ್ಲಿ ಓಣಿ ಓಣಿ ತಿರುಗಿ, ಹಿತ್ತಲಲ್ಲಿ, ಗೋಡೆ ಬದಿಯಲ್ಲಿ ಬಿದ್ದಿದ್ದ ಕೆತ್ತನೆಯ ಕಲ್ಲುಗಳನ್ನು ಒಟ್ಟುಮಾಡಿದರು. ಜನ ತಾವಾಗಿಯೇ ತಂದುಕೊಟ್ಟರು. ಲಾರಿ ತುಂಬಿ ಬೆಂಗಳೂರಿಗೆ ಒಯ್ಯುತ್ತೇವೆ ಅಂದಿದ್ದರೆ ಕೊಡುತ್ತಿದ್ದರಾ? ನನಗಂತೂ ಅನುಮಾನ. ಊರಿನ ವಸ್ತು ಊರಲ್ಲೇ ಇರುತ್ತದೆ ಅಂದರೆ ಕಾಯುವವರೂ ಊರಲ್ಲೇ ಹುಟ್ಟುತ್ತಾರೆ. ದೊಡ್ಡ ಮ್ಯೂಸಿಯಂಗಳು ಮೂರ್ತಿಯ ಜೊತೆ ಒಂದಿಷ್ಟು ಹಣ, ಕಲ್ಲು ಕೆಡದಂತೆ ನೋಡಿಕೊಳ್ಳುವ ತರಬೇತಿ ಕೊಟ್ಟರೆ ಇಂಥ ಊರುಗಳಿಗೆ ಅದೇ ಸಾಕು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ನಿಮ್ಮೂರ ಗುಡಿಯ ಮೂರ್ತಿ, ವೀರಗಲ್ಲು, ಶಾಸನ ಎಲ್ಲದರ ಫೋಟೋ ತೆಗೆದಿಡಿ. ಮುಂದಿನಿಂದ, ಹಿಂದಿನಿಂದ, ಒಡೆದ ಬೆರಳು, ಮುಕ್ಕಾದ ಮೂಗು ಕಾಣುವಂತೆ. ಪಕ್ಕದಲ್ಲಿ ಒಂದು ಅಳತೆ ಟೇಪು ಇರಲಿ. ಒಂದು ಪ್ರತಿ ಪಂಚಾಯಿತಿಗೆ, ಇನ್ನೊಂದು ಪುರಾತತ್ವ ಇಲಾಖೆಗೆ ಕೊಡಿ. ಊರು, ತಾರೀಖು ಬರೆಯುವುದನ್ನು ಮರೆಯಬೇಡಿ. ನಮಸ್ಕಾರ.